ಸರ್ವರ್ ಬದಲಾವಣೆ: ವರ್ಚುವಲ್ ಯಂತ್ರಗಳ ಸ್ಥಳಾಂತರ ಮತ್ತು ಆವೃತ್ತಿಗಳ ಹೊಂದಾಣಿಕೆ

ಒಂದು ಕಾಲದಲ್ಲಿ ವ್ಯಾಪಾರಿಯ ಸರ್ವಸ್ವವೂ ಕಿರ್ದಿ ಮತ್ತು ಖತಾವಣಿ ಪುಸ್ತಕಗಳಲ್ಲಿ ಅಡಗಿರುತ್ತಿತ್ತು. ಅಂಗಡಿಯನ್ನು ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಸ್ಥಳಾಂತರಿಸುವಾಗ ಆ ಪುಸ್ತಕಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೋದರೆ ಸಾಕಾಗುತ್ತಿತ್ತು. ಹೊಸ ಅಂಗಡಿಯ ಗಾದಿಯ ಮೇಲೆ ಹಳೆಯ ಪುಸ್ತಕ ತೆರೆಯುವುದಿಲ್ಲವೆಂಬ ಮಾತೇ ಇರಲಿಲ್ಲ. ಇಂದಿನ ಪರಿಸ್ಥಿತಿ ಹಾಗಿಲ್ಲ. ಲೆಕ್ಕಪತ್ರ, ದಾಸ್ತಾನು, ಕಾಟಾದ ತೂಕದ ದಾಖಲೆ, ಇ-ವೇ ಬಿಲ್ಲು, ಕಾರ್ಮಿಕರ ಹಾಜರಿ ಇವೆಲ್ಲವೂ ಕಚೇರಿಯ ಮೂಲೆಯಲ್ಲಿರುವ ಒಂದು ಸರ್ವರ್‌ನೊಳಗೆ ಸೇರಿಕೊಂಡಿವೆ. ಆ ಸರ್ವರ್ ಹಳೆಯದಾಗಿ ಹೊಸದನ್ನು ತಂದಾಗ, ಹಳೆಯ ಪುಸ್ತಕವನ್ನು ಹೊಸ ಯಂತ್ರ ತೆರೆಯುವುದೇ ಎಂಬ ಪ್ರಶ್ನೆ ಏಳುತ್ತದೆ. ಹೊಸ ಯಂತ್ರ ಕೆಟ್ಟು ನಿಂತಾಗ ಹಳೆಯ ಯಂತ್ರಕ್ಕೆ ಮರಳಲು ಸಾಧ್ಯವೇ ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯವಾಗಿದ್ದು, ಅದನ್ನು ಕೇಳುವವರು ವಿರಳ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಭಾಗದ ವ್ಯಾಪಾರಸ್ಥರಿಗೆ ಈ ವಿಷಯದ ಮಹತ್ವ ಇನ್ನೂ ಹೆಚ್ಚು. ನಮ್ಮ ವ್ಯವಹಾರ ವರ್ಷವಿಡೀ ಒಂದೇ ಸಮನೆ ನಡೆಯುವಂಥದಲ್ಲ. ಕಬ್ಬು ನುರಿಸುವ ಹಂಗಾಮು, ಬೆಲ್ಲದ ಹಂಗಾಮು, ತಂಬಾಕಿನ ಖರೀದಿ ಇವು ಕೆಲವೇ ತಿಂಗಳುಗಳಲ್ಲಿ ನಡೆದು ಮುಗಿಯುತ್ತವೆ. ಆ ದಿನಗಳಲ್ಲಿ ಸರ್ವರ್ ಎರಡು ದಿನ ನಿಂತರೆ ಆಗುವ ನಷ್ಟ, ಬಿಡುವಿನ ದಿನಗಳಲ್ಲಿ ಎರಡು ವಾರ ನಿಂತರೂ ಆಗಲಾರದು. ಆದುದರಿಂದ ಸರ್ವರ್ ಬದಲಾಯಿಸುವ ಕೆಲಸವನ್ನು ಗಣಕಯಂತ್ರ ಪೂರೈಕೆದಾರರಿಗೆ ವಹಿಸಿ ನಿಶ್ಚಿಂತರಾಗದೆ, ಅದರ ಮೂಲತತ್ತ್ವವನ್ನು ಮಾಲೀಕರೂ ಅರಿತಿರುವುದು ಒಳ್ಳೆಯದು.

ವರ್ಚುವಲ್ ಯಂತ್ರವೆಂದರೇನು?

ಹಿಂದೆ ಒಂದು ಸರ್ವರ್ ಎಂದರೆ ಒಂದೇ ಗಣಕಯಂತ್ರವಾಗಿತ್ತು. ಈಗ ಒಂದೇ ಸರ್ವರ್‌ನಲ್ಲಿ ಎರಡು, ಮೂರು ಅಥವಾ ಹೆಚ್ಚು ಗಣಕಯಂತ್ರಗಳು ಪ್ರತ್ಯೇಕವಾಗಿ ಕೆಲಸ ಮಾಡುವಂತೆ ವ್ಯವಸ್ಥೆ ಮಾಡುವುದು ಸಾಮಾನ್ಯವಾಗಿದೆ. ಇವುಗಳಿಗೆ ವರ್ಚುವಲ್ ಯಂತ್ರಗಳೆಂದು ಹೆಸರು. ಒಂದರಲ್ಲಿ ಲೆಕ್ಕಪತ್ರದ ತಂತ್ರಾಂಶ, ಇನ್ನೊಂದರಲ್ಲಿ ಕಾಟಾದ ತಂತ್ರಾಂಶ, ಮತ್ತೊಂದರಲ್ಲಿ ಕಡತಗಳ ಸಂಗ್ರಹ ಇರಬಹುದು. ಒಂದು ಕೆಟ್ಟರೆ ಇನ್ನೊಂದಕ್ಕೆ ತೊಂದರೆಯಾಗುವುದಿಲ್ಲ.

ಇವುಗಳನ್ನು ನಡೆಸುವ ಕೆಳಪದರದ ತಂತ್ರಾಂಶಕ್ಕೆ ಹೈಪರ್‌ವೈಸರ್ ಎನ್ನುತ್ತಾರೆ. ನಮ್ಮ ಮಾರುಕಟ್ಟೆಯಲ್ಲಿ ಹೆಚ್ಚಾಗಿ ಕಾಣುವವು ಮೂರು: ವಿಎಂವೇರ್ ಕಂಪನಿಯ ಇಎಸ್‌ಎಕ್ಸ್‌ಐ, ಮೈಕ್ರೋಸಾಫ್ಟ್ ಕಂಪನಿಯ ಹೈಪರ್-ವಿ, ಹಾಗೂ ಲಿನಕ್ಸ್‌ನ ಕೆವಿಎಂ ಆಧಾರದ ಮೇಲೆ ನಿಂತಿರುವ ಪ್ರಾಕ್ಸ್‌ಮಾಕ್ಸ್.

ವರ್ಚುವಲ್ ಯಂತ್ರವೊಂದು ಡಿಸ್ಕ್‌ನಲ್ಲಿ ಕೆಲವು ಕಡತಗಳ ರೂಪದಲ್ಲಿ ಇರುತ್ತದೆ. ಒಂದು ದೊಡ್ಡ ಕಡತವು ಅದರ ಹಾರ್ಡ್ ಡಿಸ್ಕ್. ನಮ್ಮ ಲೆಕ್ಕಪತ್ರವೆಲ್ಲ ಅದರಲ್ಲಿಯೇ ಇರುತ್ತದೆ. ಇನ್ನೊಂದು ಚಿಕ್ಕ ಕಡತವು ಅದರ ಜಾತಕವಿದ್ದಂತೆ: ಎಷ್ಟು ಮೆಮೊರಿ, ಎಷ್ಟು ಪ್ರೊಸೆಸರ್, ಯಾವ ಬಗೆಯ ನೆಟ್‌ವರ್ಕ್ ಕಾರ್ಡ್, ಯಾವ ಬಗೆಯ ಡಿಸ್ಕ್ ನಿಯಂತ್ರಕ ಎಂಬ ವಿವರಗಳು ಅದರಲ್ಲಿರುತ್ತವೆ. ಕಡತಗಳಾಗಿರುವ ಕಾರಣ ಅವುಗಳನ್ನು ಪ್ರತಿ ಮಾಡಿ ಬೇರೆ ಸರ್ವರ್‌ಗೆ ಒಯ್ಯಬಹುದು. ಆದರೆ ಒಯ್ದ ಮೇಲೆ ಅದು ಅಲ್ಲಿ ನಡೆಯುವುದೇ ಎಂಬುದು ಆ ಚಿಕ್ಕ ಕಡತದಲ್ಲಿ ನಮೂದಾಗಿರುವ ಒಂದು ಅಂಕಿಯನ್ನು ಅವಲಂಬಿಸಿರುತ್ತದೆ. ಆ ಅಂಕಿಯೇ ಯಂತ್ರದ ಆವೃತ್ತಿ.

ಮಿರಜದ ಎರಡು ಗೇಜ್‌ಗಳು

ನಮ್ಮ ಭಾಗದ ಹಿರಿಯ ವ್ಯಾಪಾರಿಗಳಿಗೆ ಹೊಂದಾಣಿಕೆಯ ಸಮಸ್ಯೆ ಹೊಸದೇನಲ್ಲ. ಪುಣೆಯಿಂದ ಮಿರಜದವರೆಗಿನ ರೈಲುಮಾರ್ಗವು 1970ರ ದಶಕದಲ್ಲಿಯೇ ಬ್ರಾಡ್ ಗೇಜ್ ಆಗಿತ್ತು. ಮಿರಜದಿಂದ ಕುಡಚಿ, ರಾಯಬಾಗ, ಘಟಪ್ರಭಾ, ಬೆಳಗಾವಿಯ ಮೂಲಕ ಲೋಂಡಾಕ್ಕೆ ಹೋಗುವ ಮಾರ್ಗವು 1990ರ ದಶಕದವರೆಗೂ ಮೀಟರ್ ಗೇಜ್ ಆಗಿಯೇ ಉಳಿದಿತ್ತು. ಒಂದರ ಅಗಲ 1,676 ಮಿಲಿಮೀಟರ್, ಇನ್ನೊಂದರದು 1,000 ಮಿಲಿಮೀಟರ್. ಸರಕು ಒಂದೇ, ಹೋಗಬೇಕಾದ ಊರೂ ಗೊತ್ತು. ಆದರೆ ವ್ಯಾಗನ್ ಮುಂದಕ್ಕೆ ಹೋಗುವಂತಿಲ್ಲ. ಮಿರಜದಲ್ಲಿ ಚೀಲಗಳನ್ನು ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ಹೇರಬೇಕಾಗಿತ್ತು.

ವರ್ಚುವಲ್ ಯಂತ್ರದ ವಿಷಯದಲ್ಲಿ ದೊಡ್ಡ ಡಿಸ್ಕ್ ಕಡತವೇ ಸರಕು, ಯಂತ್ರದ ವಿವರಗಳಿರುವ ಚಿಕ್ಕ ಕಡತವೇ ವ್ಯಾಗನ್, ಹೈಪರ್‌ವೈಸರೇ ಹಳಿ. ಒಂದು ವ್ಯತ್ಯಾಸ ಮಾತ್ರ ಇದೆ. ರೈಲಿನ ವಿಷಯದಲ್ಲಿ ಅಡಚಣೆ ಎರಡೂ ಕಡೆಯಿಂದ ಇತ್ತು. ಇಲ್ಲಿ ಹಳೆಯ ವ್ಯಾಗನ್ ಹೊಸ ಹಳಿಯ ಮೇಲೆ ಬಹುಮಟ್ಟಿಗೆ ಓಡುತ್ತದೆ. ಹೊಸ ವ್ಯಾಗನ್ ಹಳೆಯ ಹಳಿಯ ಮೇಲೆ ಓಡುವುದಿಲ್ಲ. ಈ ಲೇಖನದಲ್ಲಿ ಮುಂದೆ ಬರುವ ಎಲ್ಲ ಎಚ್ಚರಿಕೆಗಳಿಗೂ ಈ ಏಕಮುಖ ಸ್ವಭಾವವೇ ಮೂಲ.

ಮೊದಲನೆಯ ಹೊಂದಾಣಿಕೆ: ಯಂತ್ರದ ಆವೃತ್ತಿ

ಹೈಪರ್‌ವೈಸರ್‌ನ ಪ್ರತಿಯೊಂದು ಹೊಸ ಬಿಡುಗಡೆಯ ಜೊತೆ ವರ್ಚುವಲ್ ಯಂತ್ರದ ಆವೃತ್ತಿಯೂ ಸಾಮಾನ್ಯವಾಗಿ ಏರುತ್ತದೆ. ವಿಎಂವೇರ್‌ನಲ್ಲಿ ಅದರ ಕ್ರಮ ಹೀಗಿದೆ:

ಇಎಸ್‌ಎಕ್ಸ್‌ಐ 5.0 – ಆವೃತ್ತಿ 8
ಇಎಸ್‌ಎಕ್ಸ್‌ಐ 5.5 – ಆವೃತ್ತಿ 10
ಇಎಸ್‌ಎಕ್ಸ್‌ಐ 6.0 – ಆವೃತ್ತಿ 11
ಇಎಸ್‌ಎಕ್ಸ್‌ಐ 6.5 – ಆವೃತ್ತಿ 13
ಇಎಸ್‌ಎಕ್ಸ್‌ಐ 6.7 – ಆವೃತ್ತಿ 14
ಇಎಸ್‌ಎಕ್ಸ್‌ಐ 7.0 – ಆವೃತ್ತಿ 17
ಇಎಸ್‌ಎಕ್ಸ್‌ಐ 8.0 – ಆವೃತ್ತಿ 20

ಮೈಕ್ರೋಸಾಫ್ಟ್ ಹೈಪರ್-ವಿಯಲ್ಲಿ ಇದೇ ಬಗೆಯ ಕ್ರಮ ಹೀಗಿದೆ:

ವಿಂಡೋಸ್ ಸರ್ವರ್ 2012 ಆರ್2 – ಆವೃತ್ತಿ 5.0
ವಿಂಡೋಸ್ ಸರ್ವರ್ 2016 – ಆವೃತ್ತಿ 8.0
ವಿಂಡೋಸ್ ಸರ್ವರ್ 2019 – ಆವೃತ್ತಿ 9.0
ವಿಂಡೋಸ್ ಸರ್ವರ್ 2022 – ಆವೃತ್ತಿ 10.0
ವಿಂಡೋಸ್ ಸರ್ವರ್ 2025 – ಆವೃತ್ತಿ 12.0

ಇಎಸ್‌ಎಕ್ಸ್‌ಐ 6.5ರಲ್ಲಿದ್ದ 13ನೆಯ ಆವೃತ್ತಿಯ ಯಂತ್ರವನ್ನು 8.0ಕ್ಕೆ ಒಯ್ದರೆ ಅದು 13ನೆಯ ಆವೃತ್ತಿಯಾಗಿಯೇ ನಡೆಯುತ್ತದೆ. ಆದರೆ 8.0ರಲ್ಲಿ ಸಿದ್ಧಪಡಿಸಿದ 20ನೆಯ ಆವೃತ್ತಿಯ ಯಂತ್ರವನ್ನು 6.5ಕ್ಕೆ ತಂದರೆ ಅದು ತೆರೆಯುವುದೇ ಇಲ್ಲ. ಹೈಪರ್-ವಿಯಲ್ಲಿಯೂ ಹಾಗೆಯೇ. ಸರ್ವರ್ 2016ರಿಂದ 2022ಕ್ಕೆ ಬಂದ ಯಂತ್ರವು 8.0 ಆಗಿಯೇ ಉಳಿಯುತ್ತದೆ. ನಾವಾಗಿಯೇ ಆದೇಶ ಕೊಡುವವರೆಗೆ ಅದು 10.0ಕ್ಕೆ ಏರುವುದಿಲ್ಲ. ಒಮ್ಮೆ ಏರಿಸಿದ ಮೇಲೆ ಇಳಿಸುವ ಆದೇಶ ಹೈಪರ್-ವಿಯಲ್ಲಿ ಇಲ್ಲ.

ಇಲ್ಲಿ ಎರಡು ಸೂಕ್ಷ್ಮಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಮುಂದಕ್ಕೆ ಹೋಗುವ ದಾರಿಯೂ ಅಪರಿಮಿತವಲ್ಲ. 5.0 ಆವೃತ್ತಿಯ ಯಂತ್ರವನ್ನು ಸರ್ವರ್ 2019 ಒಪ್ಪುತ್ತದೆ; ಸರ್ವರ್ 2022 ಒಪ್ಪುವುದಿಲ್ಲ. ಅಂಥ ಯಂತ್ರಕ್ಕೆ ನಡುವೆ ಒಂದು ನಿಲ್ದಾಣ ಬೇಕಾಗುತ್ತದೆ, ಇಲ್ಲವೇ ಹೊಸ ಯಂತ್ರವನ್ನು ರಚಿಸಿ ಹಳೆಯ ಡಿಸ್ಕನ್ನು ಅದಕ್ಕೆ ಜೋಡಿಸಬೇಕಾಗುತ್ತದೆ. ಬಹಳ ವರ್ಷ ಬದಲಾಯಿಸದೆ ಕುಳಿತವರಿಗೆ ಈ ತೊಂದರೆ ತಪ್ಪಿದ್ದಲ್ಲ. ಎರಡನೆಯದಾಗಿ, ಹೊಸ ಸರ್ವರ್‌ನಲ್ಲಿ ಹೊಸದಾಗಿ ರಚಿಸಿದ ಯಂತ್ರವು, ಬೇರೆ ಸೂಚನೆ ಕೊಡದಿದ್ದರೆ, ಸಾಮಾನ್ಯವಾಗಿ ಆ ಸರ್ವರ್‌ನ ಹೊಸ ಆವೃತ್ತಿಯನ್ನೇ ಪಡೆಯುತ್ತದೆ. ಹಳೆಯ ಸರ್ವರನ್ನು ಆಪತ್ಕಾಲಕ್ಕೆಂದು ಇಟ್ಟುಕೊಂಡವರು, ಈ ಹೊಸ ಯಂತ್ರ ಅಲ್ಲಿ ನಡೆಯಲಾರದೆಂಬುದನ್ನು ನೆನಪಿನಲ್ಲಿಡಬೇಕು. ಯಂತ್ರವನ್ನು ರಚಿಸುವಾಗಲೇ ಹಳೆಯ ಆವೃತ್ತಿಯನ್ನು ಆರಿಸಿಕೊಳ್ಳಲು ಎರಡೂ ಕಂಪನಿಗಳ ತಂತ್ರಾಂಶದಲ್ಲಿ ಅವಕಾಶವಿದೆ.

ಎರಡನೆಯ ಹೊಂದಾಣಿಕೆ: ಪ್ರೊಸೆಸರ್

ಯಂತ್ರವನ್ನು ನಿಲ್ಲಿಸದೆ, ಕೆಲಸ ನಡೆಯುತ್ತಿರುವಂತೆಯೇ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಒಯ್ಯುವ ವಿಧಾನವಿದೆ. ಪೂರೈಕೆದಾರರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಇದಕ್ಕೆ ಎರಡೂ ಸರ್ವರ್‌ಗಳ ಪ್ರೊಸೆಸರ್‌ಗಳು ಒಂದೇ ಕಂಪನಿಯವಾಗಿರಬೇಕು. ಇಂಟೆಲ್ ಪ್ರೊಸೆಸರ್‌ನ ಮೇಲೆ ಓಡುತ್ತಿರುವ ಯಂತ್ರವನ್ನು ಎಎಂಡಿ ಪ್ರೊಸೆಸರ್‌ನ ಸರ್ವರ್‌ಗೆ ನಿಲ್ಲಿಸದೆ ಒಯ್ಯಲು ಈ ತಂತ್ರಾಂಶಗಳು ಬಿಡುವುದಿಲ್ಲ. ಒಂದೇ ಕಂಪನಿಯ ಹಳೆಯ ಹಾಗೂ ಹೊಸ ಪ್ರೊಸೆಸರ್‌ಗಳ ನಡುವೆಯೂ ಅಡಚಣೆ ಬರುತ್ತದೆ. ಹೊಸ ಪ್ರೊಸೆಸರ್‌ನ ವಿಶೇಷ ಸಾಮರ್ಥ್ಯಗಳನ್ನು ಒಮ್ಮೆ ಕಂಡುಕೊಂಡ ಯಂತ್ರವು ಅವು ಇಲ್ಲದ ಹಳೆಯ ಪ್ರೊಸೆಸರ್‌ನ ಮೇಲೆ ನಡುವೆಯೇ ಹೋಗಿ ನಿಂತರೆ ಸ್ಥಗಿತಗೊಳ್ಳುವ ಸಂಭವವಿರುತ್ತದೆ. ಈ ಕಾರಣಕ್ಕಾಗಿ ವಿಎಂವೇರ್ 2008ರಲ್ಲಿ, ಮೈಕ್ರೋಸಾಫ್ಟ್ ತನ್ನ ಸರ್ವರ್ 2008 ಆರ್2ರಲ್ಲಿ, ಹೊಸ ಪ್ರೊಸೆಸರ್‌ನ ಹೆಚ್ಚುವರಿ ಸಾಮರ್ಥ್ಯಗಳನ್ನು ಯಂತ್ರದ ಕಣ್ಣಿಗೆ ಬೀಳದಂತೆ ಮರೆಮಾಡುವ ವ್ಯವಸ್ಥೆಯನ್ನು ಒದಗಿಸಿದವು.

ಆದರೆ ಸಣ್ಣ ಉದ್ದಿಮೆದಾರರು ಇದಕ್ಕಾಗಿ ಹಣ ವೆಚ್ಚ ಮಾಡುವ ಅಗತ್ಯ ಬಹುಮಟ್ಟಿಗೆ ಇಲ್ಲ. ಯಂತ್ರವನ್ನು ಕ್ರಮಬದ್ಧವಾಗಿ ನಿಲ್ಲಿಸಿ, ಒಯ್ದು, ಮತ್ತೆ ಆರಂಭಿಸಿದರೆ ಪ್ರೊಸೆಸರ್‌ನ ಈ ಅಡಚಣೆ ಸಾಮಾನ್ಯವಾಗಿ ಇಲ್ಲವಾಗುತ್ತದೆ. ಹಗಲಿರುಳು ನಡೆಯುವ ಬ್ಯಾಂಕಿಗೆ ಒಂದು ಗಂಟೆಯ ನಿಲುಗಡೆಯೂ ಕಷ್ಟ. ವಾರಕ್ಕೊಮ್ಮೆ ರಜೆ ಇರುವ ಅಂಗಡಿಗೆ ಆ ಕಷ್ಟವಿಲ್ಲ.

ಮೂರನೆಯ ಹೊಂದಾಣಿಕೆ: ಒಂದು ಕಂಪನಿಯಿಂದ ಇನ್ನೊಂದಕ್ಕೆ

ವಿಎಂವೇರ್‌ನಿಂದ ಹೈಪರ್-ವಿಗೆ, ಅಥವಾ ಪ್ರಾಕ್ಸ್‌ಮಾಕ್ಸ್‌ಗೆ ಹೋಗುವಾಗ ಆವೃತ್ತಿಯ ಅಂಕಿಗಳನ್ನು ಹೋಲಿಸಿ ಪ್ರಯೋಜನವಿಲ್ಲ, ವ್ಯಾಗನ್ನೇ ಬೇರೆ. ಇಲ್ಲಿ ಮಿರಜದಲ್ಲಿ ಮಾಡುತ್ತಿದ್ದಂತೆ ಸರಕನ್ನು ಇಳಿಸಿ ಹೇರಬೇಕು. ವಿಎಂವೇರ್‌ನ ಡಿಸ್ಕ್ ಕಡತದ ರೂಪ ವಿಎಂಡಿಕೆ, ಹೈಪರ್-ವಿಯದು ವಿಎಚ್‌ಡಿಎಕ್ಸ್, ಕೆವಿಎಂನಲ್ಲಿ ಹೆಚ್ಚಾಗಿ ಬಳಸುವುದು ಕ್ಯೂಕೌ2. ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವ ಸಾಧನಗಳು ಉಚಿತವಾಗಿಯೇ ದೊರೆಯುತ್ತವೆ. ಪ್ರಾಕ್ಸ್‌ಮಾಕ್ಸ್ 2024ರಲ್ಲಿ ಇಎಸ್‌ಎಕ್ಸ್‌ಐ ಯಂತ್ರಗಳನ್ನು ನೇರವಾಗಿ ಬರಮಾಡಿಕೊಳ್ಳುವ ಸೌಲಭ್ಯವನ್ನು ತನ್ನಲ್ಲಿಯೇ ಸೇರಿಸಿಕೊಂಡಿತು.

ಪರಿವರ್ತನೆ ಯಶಸ್ವಿಯಾದ ಮೇಲೂ ಯಂತ್ರ ಆರಂಭವಾಗದೆ ನೀಲಿ ಪರದೆ ತೋರಿಸುವುದುಂಟು. ಅದಕ್ಕೆ ಮುಖ್ಯ ಕಾರಣಗಳು ಎರಡು. ಯಂತ್ರದೊಳಗಿನ ವಿಂಡೋಸ್‌ಗೆ ಹೊಸ ಡಿಸ್ಕ್ ನಿಯಂತ್ರಕದ ಡ್ರೈವರ್ ಇಲ್ಲದಿರುವುದು ಒಂದು. ಆ ಡ್ರೈವರನ್ನು ಸ್ಥಳಾಂತರಕ್ಕೆ ಮೊದಲೇ, ಹಳೆಯ ಸರ್ವರ್‌ನಲ್ಲಿರುವಾಗಲೇ ಅಳವಡಿಸಬೇಕು. ಹಳೆಯ ಕಂಪನಿಯ ಸಹಾಯಕ ತಂತ್ರಾಂಶವನ್ನು ಅಲ್ಲಿಯೇ ತೆಗೆದುಹಾಕಬೇಕು. ಆರಂಭದ ವಿಧಾನದಲ್ಲಿ ವ್ಯತ್ಯಾಸವಿರುವುದು ಇನ್ನೊಂದು. ಬಯೋಸ್ ವಿಧಾನದಲ್ಲಿ ಸ್ಥಾಪಿಸಿದ ವಿಂಡೋಸ್, ಯುಇಎಫ್‌ಐ ವಿಧಾನದ ಯಂತ್ರದಲ್ಲಿ ಹಾಗೆಯೇ ಏಳುವುದಿಲ್ಲ. ಹೈಪರ್-ವಿಯಲ್ಲಿ ಇವುಗಳಿಗೆ ಒಂದನೆಯ ತಲೆಮಾರು, ಎರಡನೆಯ ತಲೆಮಾರು ಎಂದು ಹೆಸರು. ಯಂತ್ರವನ್ನು ರಚಿಸುವಾಗ ಮಾಡಿದ ಈ ಆಯ್ಕೆಯನ್ನು ನಂತರ ಬದಲಾಯಿಸಲು ಬರುವುದಿಲ್ಲ.

ನಾಲ್ಕನೆಯ ಹೊಂದಾಣಿಕೆ: ಲೈಸೆನ್ಸ್, ಡಾಂಗಲ್ ಮತ್ತು ಕಾಟಾ

ಯಂತ್ರ ಎದ್ದು ನಿಂತರೂ ವ್ಯವಹಾರ ನಡೆಯದಿರಬಹುದು. ನಮ್ಮ ಭಾಗದ ಅಂಗಡಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಟ್ಯಾಲಿ ತಂತ್ರಾಂಶದ ಲೈಸೆನ್ಸು ಅದು ಇರುವ ಗಣಕಯಂತ್ರದೊಂದಿಗೆ ಬೆಸೆದುಕೊಂಡಿರುತ್ತದೆ. ಸ್ಥಳಾಂತರಕ್ಕೆ ಮೊದಲು ಹಳೆಯ ಯಂತ್ರದಲ್ಲಿ ಲೈಸೆನ್ಸನ್ನು ಹಿಂದಿರುಗಿಸಿ, ಹೊಸದರಲ್ಲಿ ಮತ್ತೆ ಚಾಲನೆಗೊಳಿಸುವ ಸೌಲಭ್ಯ ಆ ತಂತ್ರಾಂಶದಲ್ಲಿದೆ. ಸರ್ವರ್ ಜೊತೆ ಬಂದ ವಿಂಡೋಸ್‌ನ ಒಇಎಂ ಲೈಸೆನ್ಸು ಆ ಸರ್ವರ್‌ಗೆ ಮಾತ್ರ ಮೀಸಲಾಗಿದ್ದು, ಹೊಸ ಸರ್ವರ್‌ಗೆ ವರ್ಗಾವಣೆಯಾಗುವುದಿಲ್ಲವೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೆಲವು ತಂತ್ರಾಂಶಗಳಿಗೆ ಯುಎಸ್‌ಬಿ ಡಾಂಗಲ್ ಬೇಕು. ಟೆಂಡರು ಮತ್ತು ರಿಟರ್ನ್‌ಗಳ ಸಲ್ಲಿಕೆಗೆ ಡಿಜಿಟಲ್ ಸಹಿಯ ಟೋಕನ್ ಬೇಕು. ವಿಎಂವೇರ್ ಹಾಗೂ ಪ್ರಾಕ್ಸ್‌ಮಾಕ್ಸ್‌ಗಳು ಸರ್ವರ್‌ಗೆ ಚುಚ್ಚಿದ ಇಂಥ ಸಾಧನವನ್ನು ವರ್ಚುವಲ್ ಯಂತ್ರಕ್ಕೆ ನೇರವಾಗಿ ಕೊಡಬಲ್ಲವು. ಹೈಪರ್-ವಿಯಲ್ಲಿ ಹಾಗೆ ನೇರವಾಗಿ ಕೊಡುವ ವ್ಯವಸ್ಥೆ ಇಲ್ಲ; ನೆಟ್‌ವರ್ಕ್ ಮೂಲಕ ಯುಎಸ್‌ಬಿ ಒದಗಿಸುವ ಪ್ರತ್ಯೇಕ ಸಾಧನವನ್ನು ಕೊಳ್ಳಬೇಕಾಗುತ್ತದೆ. ಕಾಟಾದ ತೂಕಸೂಚಕದಿಂದ ಸೀರಿಯಲ್ ಕೇಬಲ್ಲಿನಲ್ಲಿ ಬರುವ ಅಂಕಿಯ ವಿಷಯದಲ್ಲಿಯೂ ಇದೇ ತೊಡಕಿದೆ. ಕಾಟಾದ ಗಣಕಯಂತ್ರವನ್ನು ಪ್ರತ್ಯೇಕವಾಗಿಯೇ ಇಟ್ಟುಕೊಂಡು, ದಾಖಲೆಯನ್ನು ಮಾತ್ರ ಸರ್ವರ್‌ಗೆ ಕಳುಹಿಸುವುದು ಅನೇಕರಿಗೆ ಸುಲಭದ ದಾರಿಯಾಗುತ್ತದೆ.

ಕೊನೆಯದಾಗಿ, ತಂತ್ರಾಂಶದ ದತ್ತಾಂಶಕ್ಕೂ ಆವೃತ್ತಿಯಿದೆ. ಟ್ಯಾಲಿಪ್ರೈಮ್‌ನ 3.0 ಬಿಡುಗಡೆಯು 2023ರಲ್ಲಿ ಬಂದಿತು. ಅದಕ್ಕೆ ಪರಿವರ್ತಿಸಿದ ದತ್ತಾಂಶವನ್ನು ಹಿಂದಿನ ಬಿಡುಗಡೆಗಳಲ್ಲಿ ತೆರೆಯಲು ಬರುವುದಿಲ್ಲ. ಸರ್ವರ್ ಬದಲಾಯಿಸುವ ದಿನವೇ ಲೆಕ್ಕದ ತಂತ್ರಾಂಶವನ್ನೂ ಮೇಲ್ದರ್ಜೆಗೆ ಏರಿಸುವವರು ಮರಳುವ ಎರಡು ಬಾಗಿಲುಗಳನ್ನು ಒಟ್ಟಿಗೆ ಮುಚ್ಚಿಕೊಂಡಂತಾಗುತ್ತದೆ.

ಒಂದು ಉದಾಹರಣೆ

ರಾಯಬಾಗ ತಾಲೂಕಿನ ಪಾಲಬಾವಿಯಲ್ಲಿ ಬೆಲ್ಲದ ವ್ಯಾಪಾರ ಮಾಡುವ ಒಂದು ಅಡತಿ ಅಂಗಡಿ ಇದೆಯೆಂದು ವಿಷಯದ ಸ್ಪಷ್ಟತೆಗಾಗಿ ಕಲ್ಪಿಸಿಕೊಳ್ಳೋಣ. ಅವರ ಹಳೆಯ ಸರ್ವರ್‌ನಲ್ಲಿ ವಿಂಡೋಸ್ ಸರ್ವರ್ 2016 ಇದೆ. ಅದರಲ್ಲಿ ಲೆಕ್ಕಪತ್ರದ ಒಂದು ವರ್ಚುವಲ್ ಯಂತ್ರವಿದೆ. ಹಂಗಾಮಿಗೆ ಮೊದಲು, ಸೆಪ್ಟೆಂಬರ್ ತಿಂಗಳಲ್ಲಿ, ಸರ್ವರ್ 2022 ಇರುವ ಹೊಸ ಯಂತ್ರಾಂಶವನ್ನು ಕೊಂಡು, ರಜೆಯ ದಿನ ಸ್ಥಳಾಂತರ ಮುಗಿಸಿದರು. ಎಲ್ಲವೂ ಸರಿಯಾಗಿ ನಡೆಯಿತು. ಹಳೆಯ ಸರ್ವರನ್ನು ಆಪತ್ಕಾಲಕ್ಕೆಂದು ಬಟ್ಟೆ ಮುಚ್ಚಿ ಇಟ್ಟರು. ಇಲ್ಲಿಯವರೆಗೆ ಅವರು ಮಾಡಿದ್ದೆಲ್ಲವೂ ಸರಿಯೇ.

ಕೆಲವು ದಿನಗಳ ನಂತರ ಗುಮಾಸ್ತರೊಬ್ಬರು ಹೈಪರ್-ವಿಯ ಪಟ್ಟಿಯಲ್ಲಿ, ಯಂತ್ರದ ಆವೃತ್ತಿಯನ್ನು ಮೇಲ್ದರ್ಜೆಗೆ ಏರಿಸುವ ಆಯ್ಕೆಯನ್ನು ಕಂಡರು. ಹೊಸದು ಒಳ್ಳೆಯದೇ ಇರಬೇಕೆಂದು ಭಾವಿಸಿ ಅದನ್ನು ಒತ್ತಿದರು. 8.0 ಇದ್ದದ್ದು 10.0 ಆಯಿತು. ಯಾವ ವ್ಯತ್ಯಾಸವೂ ಕಾಣಲಿಲ್ಲ. ನವೆಂಬರ್ ತಿಂಗಳಲ್ಲಿ, ಬೆಲ್ಲದ ಪೆಂಟೆಗಳು ಬಂದು ಬೀಳುತ್ತಿರುವಾಗ, ಹೊಸ ಸರ್ವರ್‌ನ ಡಿಸ್ಕ್ ನಿಯಂತ್ರಕ ಸುಟ್ಟುಹೋಯಿತು. ವಾರಂಟಿ ಇದೆ; ಆದರೆ ಬಿಡಿಭಾಗ ಬರಲು ಎರಡು ದಿನ ಬೇಕು. ಹಿಂದಿನ ರಾತ್ರಿಯ ಪೂರ್ಣ ಬ್ಯಾಕಪ್ ಹೊರಗಿನ ಡಿಸ್ಕ್‌ನಲ್ಲಿ ಸುರಕ್ಷಿತವಾಗಿದೆ. ಹಳೆಯ ಸರ್ವರನ್ನು ಆರಂಭಿಸಿ ಅದನ್ನು ತೆರೆಯಲು ಹೋದರೆ, ಈ ಆವೃತ್ತಿಗೆ ಬೆಂಬಲವಿಲ್ಲವೆಂಬ ಉತ್ತರ ಬರುತ್ತದೆ. ಸರಕು ಸುರಕ್ಷಿತವಾಗಿದ್ದರೂ ಹಳಿಗೆ ವ್ಯಾಗನ್ ಹೊಂದುವುದಿಲ್ಲ.

ಈ ಸ್ಥಿತಿಗೂ ಪರಿಹಾರವಿದೆ. ಹಳೆಯ ಸರ್ವರ್‌ನಲ್ಲಿ ಅದೇ ತಲೆಮಾರಿನ ಹೊಸ ಖಾಲಿ ಯಂತ್ರವನ್ನು ರಚಿಸಿ, ಬ್ಯಾಕಪ್‌ನಲ್ಲಿರುವ ಡಿಸ್ಕ್ ಕಡತದ ಪ್ರತಿಯನ್ನು ಅದಕ್ಕೆ ಜೋಡಿಸಬಹುದು. ಡಿಸ್ಕ್ ಕಡತದ ರೂಪ ಬದಲಾಗಿಲ್ಲದ ಕಾರಣ ವಿಂಡೋಸ್ ಸಾಮಾನ್ಯವಾಗಿ ಏಳುತ್ತದೆ. ನೆಟ್‌ವರ್ಕ್ ಕಾರ್ಡ್ ಹೊಸದೆಂದು ಅದು ಭಾವಿಸುವುದರಿಂದ ಐಪಿ ವಿಳಾಸವನ್ನು ಮತ್ತೆ ನಮೂದಿಸಬೇಕು. ಲೈಸೆನ್ಸನ್ನು ಮತ್ತೆ ಚಾಲನೆಗೊಳಿಸಬೇಕಾಗಬಹುದು. ತಿಳಿದವರಿಗೆ ಇದು ಕೆಲವು ಗಂಟೆಗಳ ಕೆಲಸ. ತಿಳಿಯದವರು ಬೆಳಗಾವಿಯಿಂದಲೋ ಸಾಂಗ್ಲಿಯಿಂದಲೋ ತಂತ್ರಜ್ಞರು ಬರುವವರೆಗೆ ಕೈಬರಹದ ಚೀಟಿಗಳ ಮೇಲೆ ವ್ಯವಹಾರ ನಡೆಸಬೇಕು. ನಂತರ ಅವೆಲ್ಲವನ್ನೂ ಮತ್ತೆ ನಮೂದಿಸಬೇಕು. ಆವೃತ್ತಿಯನ್ನು ಏರಿಸದೆ ಇದ್ದಿದ್ದರೆ ಈ ಶ್ರಮವೇ ಇರುತ್ತಿರಲಿಲ್ಲ. ಹೊಸ ಆವೃತ್ತಿಯಿಂದ ದೊರೆಯುವ ಹೆಚ್ಚುವರಿ ಸೌಲಭ್ಯಗಳು ಬಹುತೇಕ ದೊಡ್ಡ ಸಂಸ್ಥೆಗಳಿಗೆ ಉಪಯುಕ್ತವಾದವು. ಒಂದು ಅಡತಿ ಅಂಗಡಿಯ ಲೆಕ್ಕಪತ್ರಕ್ಕೆ ಅವುಗಳಿಂದ ವಿಶೇಷ ಪ್ರಯೋಜನವಿಲ್ಲ.

ಈ ವಿಷಯ ಈಗ ಏಕೆ ಮುಖ್ಯ?

ಸರ್ವರ್ ಬದಲಾವಣೆಯನ್ನು ಮುಂದೂಡುತ್ತ ಬಂದವರಿಗೆ ಇನ್ನು ಹೆಚ್ಚು ಕಾಲಾವಕಾಶವಿಲ್ಲ. ವಿಂಡೋಸ್ ಸರ್ವರ್ 2012 ಮತ್ತು 2012 ಆರ್2ಗಳಿಗೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2023ರ ಅಕ್ಟೋಬರ್ 10ಕ್ಕೆ ಮುಗಿಯಿತು. ಸರ್ವರ್ 2016ಕ್ಕೆ ನಿಗದಿಯಾದ ಕೊನೆಯ ದಿನ 2027ರ ಜನವರಿ 12. ವಿಎಂವೇರ್ ಕಂಪನಿಯನ್ನು ಬ್ರಾಡ್‌ಕಾಮ್ ಕಂಪನಿಯು 2023ರ ನವೆಂಬರ್‌ನಲ್ಲಿ ಕೊಂಡುಕೊಂಡಿತು. ಮರು ತಿಂಗಳಲ್ಲಿಯೇ ಒಮ್ಮೆ ಹಣ ಕೊಟ್ಟು ಶಾಶ್ವತವಾಗಿ ಬಳಸುವ ಲೈಸೆನ್ಸ್‌ಗಳ ಮಾರಾಟವನ್ನು ನಿಲ್ಲಿಸಿ ಚಂದಾ ಪದ್ಧತಿಯನ್ನು ಜಾರಿಗೆ ತರಲಾಯಿತು. ಇಎಸ್‌ಎಕ್ಸ್‌ಐನ ಉಚಿತ ಬಿಡುಗಡೆಯನ್ನು 2024ರ ಫೆಬ್ರುವರಿಯಲ್ಲಿ ಹಿಂತೆಗೆದುಕೊಂಡು, 2025ರ ಏಪ್ರಿಲ್‌ನಲ್ಲಿ ಮತ್ತೆ ನೀಡಲಾಯಿತು. 7ನೆಯ ಬಿಡುಗಡೆಗೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 2ಕ್ಕೆ ಕೊನೆಗೊಂಡಿತು. ಈ ಬದಲಾವಣೆಗಳ ಫಲವಾಗಿ ಅನೇಕರು ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಗುವ ಯೋಚನೆಯಲ್ಲಿದ್ದಾರೆ. ಬೆಂಬಲ ಮುಗಿದ ದಿನ ಸರ್ವರ್ ನಿಂತುಹೋಗುವುದಿಲ್ಲ; ಆದರೆ ಸುರಕ್ಷತೆಯ ದೋಷಗಳಿಗೆ ತಿದ್ದುಪಡಿಗಳು ಬರುವುದು ನಿಲ್ಲುತ್ತದೆ.

ಲೆಕ್ಕಪತ್ರ ಕಾಯ್ದಿಡುವ ಕಾನೂನು

ಹಳೆಯ ಯಂತ್ರದ ಪ್ರತಿಯನ್ನು ಡಿಸ್ಕ್‌ನಲ್ಲಿ ಹಾಕಿ ಕಪಾಟಿನಲ್ಲಿ ಇಟ್ಟಿದ್ದೇವೆ, ಇನ್ನೇನು ಚಿಂತೆ ಎಂದು ಹೇಳುವವರಿದ್ದಾರೆ. ಕಾನೂನಿನ ದೃಷ್ಟಿಯಿಂದ ಲೆಕ್ಕಪತ್ರವು ಬೇಕೆಂದಾಗ ತೆರೆದು ತೋರಿಸಲು ಬರುವಂತಿರಬೇಕು. 2013ರ ಕಂಪನಿ ಕಾಯ್ದೆಯ 128ನೆಯ ಕಲಮಿನಂತೆ ಕಂಪನಿಗಳು ಹಿಂದಿನ 8 ಹಣಕಾಸು ವರ್ಷಗಳ ಲೆಕ್ಕಪುಸ್ತಕಗಳನ್ನು ಕಾಯ್ದಿಡಬೇಕು. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೆಯ ಕಲಮಿನಂತೆ, ನೋಂದಾಯಿತ ವ್ಯಾಪಾರಿಯು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳವರೆಗೆ ದಾಖಲೆಗಳನ್ನು ಇಟ್ಟಿರಬೇಕು. 2023-24ರ ವಾರ್ಷಿಕ ರಿಟರ್ನ್‌ಗೆ ಕೊನೆಯ ದಿನ 2024ರ ಡಿಸೆಂಬರ್ 31 ಆಗಿತ್ತು. ಅಂದರೆ ಆ ವರ್ಷದ ದಾಖಲೆ 2030ರ ಡಿಸೆಂಬರ್ ಅಂತ್ಯದವರೆಗೆ ಬೇಕು. ಮೇಲ್ಮನವಿ ಅಥವಾ ತನಿಖೆ ಬಾಕಿ ಇದ್ದರೆ ಈ ಅವಧಿ ಇನ್ನೂ ಮುಂದುವರಿಯಬಹುದು.

ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ದಾಖಲೆ ಉಳಿಯುವಂತಿರಬೇಕೆಂಬ ನಿಯಮವು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆ ದಾಖಲೆ ತಂತ್ರಾಂಶದೊಳಗೇ ಇರುತ್ತದೆ. ಮುದ್ರಿಸಿಟ್ಟ ಲೆಡ್ಜರು ಅದನ್ನು ತೋರಿಸಲಾರದು. ಆರು ಅಥವಾ ಎಂಟು ವರ್ಷಗಳೆಂದರೆ ಸರ್ವರ್‌ಗಳ ಮಟ್ಟಿಗೆ ಎರಡು ತಲೆಮಾರು. ಆದುದರಿಂದ ಕಾಯ್ದಿಟ್ಟ ಹಳೆಯ ಯಂತ್ರವನ್ನು ಪ್ರತಿ ಸರ್ವರ್ ಬದಲಾವಣೆಯ ಸಮಯದಲ್ಲಿ ಹೊಸ ಸರ್ವರ್‌ನಲ್ಲಿ ಒಮ್ಮೆ ಆರಂಭಿಸಿ, ಲೆಕ್ಕ ತೆರೆಯುವುದನ್ನು ಕಣ್ಣಾರೆ ಕಂಡು, ಮತ್ತೆ ಮುಚ್ಚಿಡಬೇಕು.

ಅನುಸರಿಸಬೇಕಾದ ಕ್ರಮ

1. ಹಂಗಾಮು ಆರಂಭವಾಗುವುದಕ್ಕೆ ಕನಿಷ್ಠ ಎರಡು ತಿಂಗಳು ಮೊದಲು ಕೆಲಸ ಮುಗಿಯುವಂತೆ ದಿನಾಂಕ ಗೊತ್ತುಪಡಿಸಿಕೊಳ್ಳಿರಿ.

2. ಹಳೆಯ ಹಾಗೂ ಹೊಸ ಹೈಪರ್‌ವೈಸರ್‌ಗಳ ಬಿಡುಗಡೆ, ಪ್ರತಿ ವರ್ಚುವಲ್ ಯಂತ್ರದ ಆವೃತ್ತಿ, ಆರಂಭದ ವಿಧಾನ, ಐಪಿ ವಿಳಾಸ, ಡಾಂಗಲ್ ಹಾಗೂ ಲೈಸೆನ್ಸ್‌ಗಳ ವಿವರವನ್ನು ಒಂದು ಹಾಳೆಯಲ್ಲಿ ಬರೆಯಿಸಿರಿ. ಅದರ ಒಂದು ಪ್ರತಿ ಮಾಲೀಕರ ಬಳಿ ಕಾಗದದ ರೂಪದಲ್ಲಿ ಇರಲಿ.

3. ಯಂತ್ರವನ್ನು ಕ್ರಮಬದ್ಧವಾಗಿ ನಿಲ್ಲಿಸಿ, ಪೂರ್ಣ ಪ್ರತಿಯನ್ನು ಹೊರಗಿನ ಡಿಸ್ಕ್‌ಗೆ ತೆಗೆಯಿರಿ. ಅದರೊಡನೆ ಲೆಕ್ಕದ ತಂತ್ರಾಂಶದ ದತ್ತಾಂಶವನ್ನು ಮಾತ್ರ ಪ್ರತ್ಯೇಕವಾಗಿ ಬ್ಯಾಕಪ್ ಮಾಡಿರಿ. ಮರಳಬೇಕಾದ ಪ್ರಸಂಗ ಬಂದಾಗ ಈ ಚಿಕ್ಕ ಬ್ಯಾಕಪ್ಪೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

4. ಮೊದಲು ಪ್ರತಿಯನ್ನು ಹೊಸ ಸರ್ವರ್‌ನಲ್ಲಿ, ನೆಟ್‌ವರ್ಕ್ ಜೋಡಿಸದೆ, ಆರಂಭಿಸಿ ಪರೀಕ್ಷಿಸಿರಿ. ಒಂದು ಬಿಲ್ಲು ಮುದ್ರಿಸಿ, ಹಿಂದಿನ ವರ್ಷದ ಒಂದು ಲೆಡ್ಜರು ತೆರೆದು ನೋಡಿರಿ.

5. ಹಳೆಯ ಮತ್ತು ಹೊಸ ಯಂತ್ರಗಳನ್ನು ಒಂದೇ ಸಮಯದಲ್ಲಿ ನೆಟ್‌ವರ್ಕ್‌ಗೆ ಜೋಡಿಸಬೇಡಿರಿ. ಎರಡಕ್ಕೂ ಒಂದೇ ಹೆಸರು, ಒಂದೇ ವಿಳಾಸ ಇರುವುದರಿಂದ ಕೆಲವು ಬಿಲ್ಲುಗಳು ಒಂದರಲ್ಲಿ, ಕೆಲವು ಇನ್ನೊಂದರಲ್ಲಿ ಸೇರಿಕೊಂಡು, ಒಂದೇ ಸಂಖ್ಯೆಯ ಎರಡು ಬಿಲ್ಲುಗಳು ಹುಟ್ಟಿಕೊಳ್ಳುತ್ತವೆ.

6. ಹೊಸ ಸರ್ವರ್ ಒಂದು ಪೂರ್ಣ ಹಂಗಾಮನ್ನು ಕಳೆಯುವವರೆಗೆ ಯಂತ್ರದ ಆವೃತ್ತಿಯನ್ನು ಏರಿಸಬೇಡಿರಿ. ಆಡಳಿತದ ಪಾಸ್‌ವರ್ಡ್ ಒಬ್ಬರ ಬಳಿ ಮಾತ್ರ ಇರಲಿ. ಅದನ್ನು ಲಕೋಟೆಯಲ್ಲಿ ಮುಚ್ಚಿ ತಿಜೋರಿಯಲ್ಲಿಡಿರಿ.

7. ಆ ಅವಧಿಯಲ್ಲಿ ಲೆಕ್ಕದ ತಂತ್ರಾಂಶದ ಬಿಡುಗಡೆಯನ್ನು ಬದಲಾಯಿಸಲೇಬೇಕಾದರೆ, ಹಳೆಯ ಸರ್ವರ್‌ನಲ್ಲಿರುವ ಯಂತ್ರದಲ್ಲಿಯೂ ಅದೇ ಬಿಡುಗಡೆಯನ್ನು ಅಳವಡಿಸಿಡಿರಿ.

8. ತಿಂಗಳಿಗೊಮ್ಮೆ ಹಳೆಯ ಸರ್ವರನ್ನು ಆರಂಭಿಸಿ, ಇತ್ತೀಚಿನ ಬ್ಯಾಕಪ್ ಅದರಲ್ಲಿ ತೆರೆಯುವುದೇ ಎಂದು ನೋಡಿರಿ.

ಪೂರೈಕೆದಾರರಿಂದ ಕೊಟೇಶನ್ ಪಡೆಯುವಾಗ ಸರ್ವರ್‌ನ ಬೆಲೆ, ಮೆಮೊರಿ, ವಾರಂಟಿಗಳ ಜೊತೆಗೆ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯುವುದು ಲೇಸು. ನಮ್ಮ ಈಗಿನ ಯಂತ್ರಗಳ ಆವೃತ್ತಿಯನ್ನು ಹೊಸ ಸರ್ವರ್ ಹಾಗೆಯೇ ನಡೆಸುವುದೇ? ಸ್ಥಳಾಂತರದ ನಂತರ ಯಂತ್ರಗಳು ಯಾವ ಆವೃತ್ತಿಯಲ್ಲಿರುತ್ತವೆ? ಹೊಸ ಸರ್ವರ್ ನಿಂತರೆ ಅದೇ ಯಂತ್ರವನ್ನು ಹಳೆಯದರಲ್ಲಿ ಎಷ್ಟು ಗಂಟೆಗಳಲ್ಲಿ ಆರಂಭಿಸಿಕೊಡುವಿರಿ? ಮೂರನೆಯ ಪ್ರಶ್ನೆಗೆ ಗಂಟೆಗಳ ಲೆಕ್ಕದಲ್ಲಿ ಉತ್ತರಿಸುವ ಪೂರೈಕೆದಾರರು ಕೆಲಸ ತಿಳಿದವರೆಂದು ನಂಬಬಹುದು. ಹಣದ ಕೊನೆಯ ಕಂತನ್ನು, ಬ್ಯಾಕಪ್ ಹಳೆಯ ಸರ್ವರ್‌ನಲ್ಲಿ ಒಮ್ಮೆ ತೆರೆದು ತೋರಿಸಿದ ಮೇಲೆಯೇ ಸಂದಾಯ ಮಾಡುವುದಾಗಿ ಕರಾರಿನಲ್ಲಿ ಸೇರಿಸುವುದು ಸೂಕ್ತ.